ಸರ್ವರ್ ಅಳಿಸುವ ಮೊದಲು ಸ್ವಲ್ಪ ತಾಳಿ

ಸಂಪಾದಕರಿಗೆ ನಮಸ್ಕಾರ.

ಸಹಕಾರ ಸಂಘಗಳು, ಶಾಲೆಗಳು, ಸಣ್ಣ ಅಂಗಡಿಯವರು ಕೂಡ ಈಗ ತಿಂಗಳ ಬಾಡಿಗೆಗೆ ಸರ್ವರ್ (ಸದಾ ಇಂಟರ್‌ನೆಟ್‌ನಲ್ಲಿರುವ ದೂರದ ಕಂಪ್ಯೂಟರ್) ತೆಗೆದುಕೊಂಡು ಲೆಕ್ಕ, ವೆಬ್‌ಸೈಟ್ ಎಲ್ಲ ಅದರಲ್ಲೇ ಇಟ್ಟಿದ್ದಾರೆ. ಸರ್ವರ್ ಇರುವುದು ಮುಂಬೈಯಲ್ಲೋ ಸಿಂಗಪುರದಲ್ಲೋ. ನಾವು ಇಲ್ಲಿ ಕುಳಿತೇ ಅದರೊಳಗೆ ಹೋಗಿ ಕೆಲಸ ಮಾಡಬೇಕು. ಹಾಗೆ ಹೋಗಲು ಬೇಕಾದ ವಿವರ ಮರೆತುಹೋದರೆ ಏನು ಮಾಡಬೇಕು ಅಂತ ಹೇಳಿಕೊಡುವವರು ಕಡಿಮೆ. ‘ಸರ್ವರ್ ಹೋಯ್ತು, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು’ ಎನ್ನುವವರೇ ಜಾಸ್ತಿ. ಅದಕ್ಕೇ ಈ ಪತ್ರ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುವವನು. ಪಕ್ಕದ ಊರಿನ ಒಂದು ಸಂಘದವರು ಇದೇ ತೊಂದರೆ ಹೊತ್ತು ಬಂದಿದ್ದರು. ಸರ್ವರ್ ಹಾಕಿಕೊಟ್ಟ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ. ಫೋನ್ ಮಾಡಿದರೆ, ಪಾಪ, ಸಹಾಯ ಮಾಡಲು ಸಿದ್ಧನಿದ್ದ, ಆದರೆ ಪೋರ್ಟ್ ನಂಬರ್ (ಸರ್ವರ್ ಒಳಗೆ ಹೋಗುವ ಬಾಗಿಲಿನ ಸಂಖ್ಯೆ) ಬದಲಿಸಿದ್ದು ನೆನಪಿದೆ, ಎಷ್ಟಕ್ಕೆ ಅಂತ ನೆನಪಿಲ್ಲ, ಹಳೆ ಲ್ಯಾಪ್‌ಟಾಪ್ ಕೂಡ ಫಾರ್ಮ್ಯಾಟ್ ಆಗಿದೆ ಎಂದ. ಅಷ್ಟರಲ್ಲಿ ಬೇರೊಬ್ಬರು ಎಲ್ಲ ಅಳಿಸಿ ಹೊಸದು ಹಾಕಿಕೊಡುತ್ತೇವೆ ಎಂದು ದೊಡ್ಡ ಮೊತ್ತ ಹೇಳಿದ್ದರು. ಸದಸ್ಯರ ಸಾಲದ ಲೆಕ್ಕವೆಲ್ಲ ಅದರೊಳಗಿತ್ತು! ಸಂಘದ ವೆಬ್‌ಸೈಟ್ ಅಷ್ಟೂ ದಿನ ಸರಿಯಾಗಿ ತೆರೆಯುತ್ತಲೇ ಇತ್ತು ಅನ್ನುವುದನ್ನು ಮಾತ್ರ ಯಾರೂ ಗಮನಿಸಿರಲಿಲ್ಲ. ಅಂದರೆ ಸರ್ವರ್ ನಡೆಯುತ್ತಿದೆ. ನಮಗೆ ಒಳಗೆ ಹೋಗಲು ಬರುತ್ತಿಲ್ಲ ಅಷ್ಟೇ ಅಲ್ವಾ?

ಒಳಗೆ ಹೋಗಲು ಬೇಕಾದ್ದು ಐಪಿ ವಿಳಾಸ (ನೆಟ್‌ನಲ್ಲಿ ಕಂಪ್ಯೂಟರ್‌ಗೆ ಇರುವ ಅಂಕಿಗಳ ವಿಳಾಸ), ಪೋರ್ಟ್ ನಂಬರ್, ಬಳಕೆದಾರರ ಹೆಸರು, ಮತ್ತೆ ಪಾಸ್‌ವರ್ಡ್ ಅಥವಾ ಅದರ ಬದಲು ಬಳಸುವ ಕೀ ಫೈಲ್. ಇದರಲ್ಲಿ ಯಾವುದು ತಪ್ಪಿದೆ ಅನ್ನುವ ಸುಳಿವನ್ನು ಪರದೆ ಮೇಲೆ ಬರುವ ಸಂದೇಶವೇ ಕೊಡುತ್ತದೆ, ಜನ ಓದುವುದಿಲ್ಲ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ ಆ ವಿಳಾಸದಲ್ಲಿ ಯಂತ್ರ ಇದೆ, ಆ ಪೋರ್ಟ್‌ನಲ್ಲಿ ಕೇಳುವವರಿಲ್ಲ, ಪೋರ್ಟ್ ತಪ್ಪಿರುವ ಸಾಧ್ಯತೆ ಹೆಚ್ಚು. ‘ಟೈಮ್ಡ್ ಔಟ್’ ಎಂದರೆ ವಿಳಾಸ ತಪ್ಪು ಅಥವಾ ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆ ತಡೆಯುತ್ತಿದೆ. ‘ಪರ್ಮಿಷನ್ ಡಿನೈಡ್’ ಬಂದರೆ ಸಂತೋಷಪಡಿ, ಸರಿಯಾದ ಬಾಗಿಲಿಗೇ ಬಂದಿದ್ದೀರಿ, ಹೆಸರೋ ಪಾಸ್‌ವರ್ಡೋ ಕೀಯೋ ತಪ್ಪಿದೆ. ಲಿನಕ್ಸ್ ಸಿಸ್ಟಂ ಇರುವ ಸರ್ವರ್‌ಗೆ ದೂರದಿಂದ ಹೋಗುವ ಎಸ್‌ಎಸ್‌ಎಚ್ ಎಂಬ ದಾರಿಯ ಪೋರ್ಟ್ ಸಾಮಾನ್ಯವಾಗಿ 22, ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ಗೆ 3389. ಹೆಸರು ಎಷ್ಟೋ ಕಡೆ ‘ರೂಟ್’, ಅಮೆಜಾನ್‌ನ ಬಾಡಿಗೆ ಸರ್ವರ್‌ನಲ್ಲಿ ಉಬುಂಟು (ಒಂದು ಬಗೆಯ ಲಿನಕ್ಸ್) ಹಾಕಿದ್ದರೆ ‘ಉಬುಂಟು’.

ಸುಮ್ನೆ ಒಂದಾದ ಮೇಲೆ ಒಂದು ಪಾಸ್‌ವರ್ಡ್ ಹಾಕಿ ನೋಡಬೇಡಿ. ಫೇಲ್‌ಟುಬ್ಯಾನ್ ತರಹದ ಕಾವಲು ಇದ್ದರೆ ಕೆಲವು ತಪ್ಪು ಪ್ರಯತ್ನ ಆದ ಕೂಡಲೇ ನಿಮ್ಮ ಐಪಿ ವಿಳಾಸವನ್ನೇ ತಡೆಹಿಡಿಯುತ್ತದೆ. ಆಮೇಲೆ ಸರಿಯಾದ ಪಾಸ್‌ವರ್ಡ್ ಹಾಕಿದರೂ ಬಿಡುವುದಿಲ್ಲ, ನೀವು ಅದೂ ತಪ್ಪು ಅಂದುಕೊಂಡು ಕೈಬಿಡುತ್ತೀರಿ. ಅದರ ಬದಲು ಹಳೆ ಕಂಪ್ಯೂಟರ್‌ಗಳಲ್ಲಿ ಹುಡುಕಿ. ಸರ್ವರ್‌ಗೆ ಹೋಗಲು ಬಳಸುವ ಪುಟ್ಟಿ ತಂತ್ರಾಂಶದಲ್ಲಿ ಉಳಿಸಿಟ್ಟ ಸೆಷನ್, ಫೈಲ್ ಕಳಿಸಲು ಬಳಸುವ ಫೈಲ್‌ಜಿಲ್ಲಾದ ಸೈಟ್ ಮ್ಯಾನೇಜರ್, ಲಿನಕ್ಸ್ ಇದ್ದರೆ ಹಿಂದೆ ಟೈಪ್ ಮಾಡಿದ ಆದೇಶಗಳ ಪಟ್ಟಿ, ಇವುಗಳಲ್ಲಿ ಎಷ್ಟೋ ಸಲ ಪೋರ್ಟ್, ಹೆಸರು ಎರಡೂ ಹಾಗೇ ಕುಳಿತಿರುತ್ತವೆ.

ಅಲ್ಲೂ ಸಿಗದಿದ್ದರೆ ಬಾಡಿಗೆ ಕಂಪನಿಯ ಖಾತೆಗೆ ಲಾಗಿನ್ ಆಗಿ. ಐಪಿ ವಿಳಾಸ ಅಲ್ಲೇ ಇರುತ್ತದೆ. ಹೆಚ್ಚಿನ ಕಂಪನಿಗಳು ಅಲ್ಲಿ ಒಂದು ಕನ್ಸೋಲ್ ಕೊಟ್ಟಿರುತ್ತವೆ. ಅದು ಬ್ರೌಸರ್‌ನಲ್ಲೇ ತೆರೆಯುತ್ತದೆ, ಸರ್ವರ್‌ಗೇ ಮಾನಿಟರ್, ಕೀಬೋರ್ಡ್ ಜೋಡಿಸಿದ ಹಾಗೆ ಕೆಲಸ ಮಾಡುತ್ತದೆ, ಎಸ್‌ಎಸ್‌ಎಚ್ ಪೋರ್ಟ್ ಗೊತ್ತಿರಬೇಕೆಂದೇ ಇಲ್ಲ. ಪಾಸ್‌ವರ್ಡೂ ಮರೆತಿದ್ದರೆ ರೆಸ್ಕ್ಯೂ ಮೋಡ್ ಇದೆ. ಬೇರೊಂದು ಪುಟ್ಟ ಸಿಸ್ಟಂನಿಂದ ಯಂತ್ರ ಏಳುತ್ತದೆ, ನಿಮ್ಮ ಡಿಸ್ಕ್ ತೆರೆದು ಪೋರ್ಟ್ ನೋಡಬಹುದು, ಹೊಸ ಕೀ ಹಾಕಬಹುದು. ಕಳೆದುಹೋದ ಪ್ರೈವೇಟ್ ಕೀಯನ್ನು (ನಿಮ್ಮ ಹತ್ತಿರ ಇರಬೇಕಾದ ಕೀ ಫೈಲ್) ಅಮೆಜಾನ್ ಮತ್ತೆ ಕೊಡುವುದಿಲ್ಲ, ಅವರ ಹತ್ತಿರ ಅದು ಇರುವುದೇ ಇಲ್ಲ. ಆದರೆ ಅಲ್ಲೂ ಡಿಸ್ಕ್ ಬಿಚ್ಚಿ ಇನ್ನೊಂದು ಸರ್ವರ್‌ಗೆ ಜೋಡಿಸಿ ಹೊಸ ಕೀ ಸೇರಿಸುವ ದಾರಿ ಇದೆ. ಇದನ್ನೆಲ್ಲ ತಿಳಿದವರ ಕೈಲಿ ಮಾಡಿಸಿ, ಮೊದಲು ಡಿಸ್ಕ್‌ನ ಸ್ನ್ಯಾಪ್‌ಶಾಟ್ (ಆಗಿನ ಸ್ಥಿತಿಯ ನಕಲು) ತೆಗೆಸಿಕೊಳ್ಳಿ.

ನಿಜವಾದ ಕಷ್ಟ ಬರುವುದು ಈ ಖಾತೆಯೇ ಕೈಯಲ್ಲಿ ಇಲ್ಲದಾಗ. ಆ ಸಂಘದ ಖಾತೆ ಹುಡುಗನ ಸ್ವಂತ ಇಮೇಲ್‌ನಲ್ಲಿತ್ತು, ಒಟಿಪಿ ಅವನು ಬಿಟ್ಟುಬಿಟ್ಟ ಸಿಮ್‌ಗೆ ಹೋಗುತ್ತಿತ್ತು. ಬಂದ್ ಆದ ಮೊಬೈಲ್ ನಂಬರ್ 90 ದಿನ ಕಳೆದ ಮೇಲೆ ಬೇರೆಯವರ ಪಾಲಾಗಬಹುದು, ಆಗ ನಿಮ್ಮ ಸರ್ವರ್ ಒಟಿಪಿ ಯಾರಿಗೋ ಹೋಗುತ್ತದೆ. ಪುಣ್ಯಕ್ಕೆ ಬಿಲ್‌ಗಳು ಸಂಘದ ಹೆಸರಲ್ಲಿ ಇದ್ದವು. ಅವನ್ನೂ ಸಂಘದ ನೋಂದಣಿ ಪತ್ರವನ್ನೂ ಕಳಿಸಿ, ಮತ್ತೆ ಮತ್ತೆ ಬರೆದ ಮೇಲೆ ಕಂಪನಿ ಖಾತೆ ಬಿಟ್ಟುಕೊಟ್ಟಿತು. ಆಮೇಲಿನ ಕೆಲಸ ಸುಲಭ. ಬಿಲ್ ಇಲ್ಲದಿದ್ದರೆ ಏನಾಗುತ್ತಿತ್ತೋ ಯೋಚಿಸಲೂ ಭಯ.

ಸಣ್ಣವರಿಗೆ ಮಾತ್ರ ಹೀಗಾಗುವುದಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆ ನಿಂತವಲ್ಲ, ಆಗ ಅವರ ಎಂಜಿನಿಯರ್‌ಗಳಿಗೇ ದೂರದಿಂದ ಒಳಗೆ ಹೋಗಲು ಆಗದೆ ಡೇಟಾ ಸೆಂಟರ್‌ಗೆ ಜನರನ್ನು ಕಳಿಸಬೇಕಾಯಿತು. ಅಲ್ಲಿ ಆಗಿದ್ದು ಮರೆವಲ್ಲ, ನೆಟ್‌ವರ್ಕೇ ಕಡಿದುಹೋಗಿತ್ತು. ಆದರೂ ಅವರಿಗೆ ಹೋಗಿ ನಿಲ್ಲಲು ಸ್ವಂತ ಕಟ್ಟಡ ಇತ್ತು. ನಮ್ಮ ಸಂಘಗಳಿಗೆ ಆ ಖಾತೆ ಒಂದೇ ದಾರಿ.

ಸೆಪ್ಟೆಂಬರ್‌ನಲ್ಲಿ ಸಂಘಗಳ ಮಹಾಸಭೆ ನಡೆಯುತ್ತದೆ. ಜಮಾ-ಖರ್ಚು ಕೇಳುವ ಸದಸ್ಯರು ಇದನ್ನೂ ಕೇಳಲಿ: ನಮ್ಮ ಸರ್ವರ್ ಖಾತೆ ಯಾರ ಇಮೇಲ್‌ನಲ್ಲಿದೆ, ಒಟಿಪಿ ಯಾವ ಫೋನಿಗೆ ಬರುತ್ತದೆ, ಐಪಿ, ಪೋರ್ಟ್, ಹೆಸರು ಬರೆದ ಹಾಳೆ ಕಪಾಟಿನಲ್ಲಿದೆಯಾ? ಸಹಕಾರ ಇಲಾಖೆಯವರು ಈ ಪ್ರಶ್ನೆಗಳನ್ನು ವರ್ಷದ ಆಡಿಟ್‌ನಲ್ಲೇ ಸೇರಿಸಬೇಕು. ತಾವೂ ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಲೇಖನ ಬರೆಸಿದರೆ ಉಪಕಾರವಾಗುತ್ತದೆ.

– ಒಬ್ಬ ಓದುಗ, ಉತ್ತರ ಕನ್ನಡ