ಗರ್ಭಿಣಿಯರ ತಪಾಸಣೆಯಲ್ಲಿ ಬಾಯಿಯನ್ನೂ ನೋಡಿ

ಸಂಪಾದಕರೇ,

ಗರ್ಭಿಣಿ ತಪಾಸಣೆಗೆ ಹೋದರೆ ತೂಕ ನೋಡುತ್ತಾರೆ, ಬಿಪಿ ನೋಡುತ್ತಾರೆ, ರಕ್ತ, ಮೂತ್ರದ ಪರೀಕ್ಷೆ ಮಾಡಿಸುತ್ತಾರೆ. 'ಸ್ವಲ್ಪ ಬಾಯಿ ತೆಗೀರಿ' ಎನ್ನುವವರು ಮಾತ್ರ ಅಪರೂಪ. ಹೆರಿಗೆಗೆ ಮೊದಲು ಕನಿಷ್ಠ 8 ಸಲ ತಪಾಸಣೆ ಆಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಹೇಳುತ್ತಿದೆ. ಅದರಲ್ಲಿ ಒಂದು ಸಲವಾದರೂ ಹಲ್ಲು, ಒಸಡು ನೋಡಬಾರದೇ? ಮಕ್ಕಳ ಹಲ್ಲಿನ ವೈದ್ಯೆಯಾಗಿ ನನ್ನ ಬೇಡಿಕೆ ಇಷ್ಟೇ.

ಹಾರ್ಮೋನುಗಳ ಏರುಪೇರಿನಿಂದ ಬಸುರಿಯರ ಒಸಡು ಬೇಗ ಊದಿಕೊಳ್ಳುತ್ತದೆ, ಉಜ್ಜುವಾಗ ರಕ್ತ ಬರುತ್ತದೆ. ರಕ್ತ ಕಂಡ ಕೂಡಲೇ ಹಲವರು ಅಲ್ಲಿ ಬ್ರಷ್ ತಾಗಿಸುವುದನ್ನೇ ಬಿಡುತ್ತಾರೆ. ಕೊಳೆ ಜಾಸ್ತಿಯಾಗಿ ಒಸಡು ಇನ್ನಷ್ಟು ಕೆಡುತ್ತದೆ. ವಾಂತಿಯಾದರೆ ಆಗಲೇ ಹಲ್ಲುಜ್ಜುವುದೂ ಸರಿಯಲ್ಲ. ಹೊಟ್ಟೆಯ ಆಮ್ಲ ಹಲ್ಲಿನ ಮೇಲ್ಪದರವನ್ನು ಮೆತ್ತಗೆ ಮಾಡಿರುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಉಜ್ಜಬೇಕು. ಇಷ್ಟು ಹೇಳಲು ತಜ್ಞರೇ ಬೇಕಿಲ್ಲ, ಯಾವ ನರ್ಸ್ ಬೇಕಾದರೂ ಹೇಳಬಹುದು.

ಹೊಟ್ಟೆಯಲ್ಲಿರುವ ಮಗು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ ಎಂಬ ಮಾತು ಸುಮ್ನೆ ಹರಿದಾಡುತ್ತದೆ. ತಾಯಿಯ ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಕರಗುವುದು ಮೂಳೆಯೇ ಹೊರತು ಹಲ್ಲಲ್ಲ. ಹಲ್ಲು ಕೆಡುವುದು ಸಕ್ಕರೆ ಮತ್ತು ಕೊಳೆಯಿಂದ. ಬಸುರಿಯಲ್ಲಿ ಹಲ್ಲಿನ ಚಿಕಿತ್ಸೆ ಕೂಡದು ಎಂಬ ಹೆದರಿಕೆಯೂ ಹೀಗೇ. 4ರಿಂದ 6ನೇ ತಿಂಗಳು ಇದಕ್ಕೆ ಅನುಕೂಲದ ಸಮಯ. ಕೀವು, ಬಾವು, ತಡೆಯಲಾಗದ ನೋವು ಇದ್ದರೆ ಯಾವ ತಿಂಗಳೇ ಆಗಲಿ, ಕಾಯುತ್ತಾ ಕೂರಬಾರದು.

ಮಗುವಿನ ಹಾಲುಹಲ್ಲುಗಳು ಗರ್ಭದಲ್ಲೇ ರೂಪುಗೊಳ್ಳುತ್ತವೆ. 4ನೇ ತಿಂಗಳ ಹೊತ್ತಿಗೆ ಅವು ಗಟ್ಟಿಯಾಗಲು ಶುರು. ಹಾಗಾಗಿ ಆ ತಿಂಗಳುಗಳಲ್ಲಿ ತಾಯಿಗೆ ಸಿಗುವ ಪ್ರೋಟೀನ್, ಕ್ಯಾಲ್ಸಿಯಂ, ವಿಟಮಿನ್ ಡಿ ಮಗುವಿನ ಹಲ್ಲಿಗೂ ಸೇರಿದ್ದು. ಹುಟ್ಟಿದ ಮೇಲೆ ಇನ್ನೊಂದು ದಾರಿ ಇದೆ: ಎಂಜಲು. ಹುಳುಕು ತರುವ ಬ್ಯಾಕ್ಟೀರಿಯಾ ದೊಡ್ಡವರ ಬಾಯಿಂದ, ಒಂದೇ ಚಮಚದ ಮೂಲಕ, ಮಗುವಿಗೆ ದಾಟುತ್ತದೆ. ಇದಕ್ಕೂ ತಾಯಿಯನ್ನೇ ದೂರುವುದು ಬೇಡ, ಅಪ್ಪ, ಅಜ್ಜಿಯ ಎಂಜಲೂ ಎಂಜಲೇ ಅಲ್ವಾ? ಮನೆಯ ದೊಡ್ಡವರೆಲ್ಲ ತಮ್ಮ ಹುಳುಕಿಗೆ ಮೊದಲು ಚಿಕಿತ್ಸೆ ಮಾಡಿಸಿಕೊಳ್ಳಲಿ.

ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಮೇಲೂಟದ ಜೊತೆ 2 ವರ್ಷ ಅಥವಾ ಅದಕ್ಕೂ ಮೇಲೆ ಎದೆಹಾಲು. ಇದು ಎಲ್ಲರಿಗೂ ಗೊತ್ತಿರುವ ಸಲಹೆ. ತಪ್ಪುವುದು ಮೇಲೂಟದಲ್ಲಿ. ಮಗು ತಿನ್ನಲಿ ಅಂತ ಸಕ್ಕರೆ ಬೆರೆಸುತ್ತೇವೆ, ಹಣ್ಣಿನದಲ್ವಾ ಅಂತ ಜ್ಯೂಸ್ ಕೊಡುತ್ತೇವೆ. 2 ವರ್ಷದವರೆಗೆ ಮೇಲಿಂದ ಹಾಕಿದ ಸಕ್ಕರೆ ಬೇಕೇ ಇಲ್ಲ. ಸಿಹಿ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವುದಂತೂ ಇನ್ನೂ ಕೆಟ್ಟದ್ದು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಹಲ್ಲಿನ ಸುತ್ತ ಹಾಗೇ ನಿಲ್ಲುತ್ತದೆ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಕಾಯುತ್ತದೆ. ಮೇಲಿನವು ಮೊದಲು ಕೆಡುತ್ತವೆ.

ಹೇಗೂ ಬೀಳುವ ಹಲ್ಲು ತಾನೇ ಎನ್ನುವವರಿಗೆ ಒಂದು ಮಾತು. ಹಾಲುಹಲ್ಲುಗಳಲ್ಲಿ ದವಡೆ ಹಲ್ಲುಗಳು ಮಗುವಿಗೆ 10-12 ವರ್ಷ ಆಗುವವರೆಗೂ ಬಾಯಲ್ಲಿರುತ್ತವೆ. ನೋವಿದ್ದರೆ ಮಗು ಅಗಿಯುವುದಿಲ್ಲ, ನಿದ್ದೆ ಮಾಡುವುದಿಲ್ಲ. ಎಷ್ಟು ಪೌಷ್ಟಿಕವಾದದ್ದನ್ನು ತಟ್ಟೆಗೆ ಹಾಕಿದರೂ ಹೊಟ್ಟೆಗೆ ಹೋಗಬೇಕಲ್ಲ! ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲುಗಳು ಹುಳುಕಾಗಿವೆ.

ಹುಳುಕು ಒಮ್ಮೆಲೇ ಕಪ್ಪಾಗಿ ಬರುವುದಿಲ್ಲ. ಮೇಲಿನ ತುಟಿ ಎತ್ತಿದರೆ ಒಸಡಿನ ಪಕ್ಕ ಸುಣ್ಣದಂಥ ಬಿಳಿ ಗೆರೆ ಕಾಣುತ್ತದೆ. ಆ ಹಂತದಲ್ಲಿ ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್ ಹಚ್ಚಿ, ಸಕ್ಕರೆ ತಗ್ಗಿಸಿದರೆ ಹಲ್ಲು ಚೇತರಿಸಿಕೊಳ್ಳಬಹುದು. ಮೊದಲ ಹಲ್ಲು ಬಂದ ದಿನದಿಂದಲೇ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ದಿನಕ್ಕೆ ಎರಡು ಸಲ ಉಜ್ಜಬೇಕು. ಮೊದಲ ಹುಟ್ಟುಹಬ್ಬದ ಒಳಗೆ ಒಮ್ಮೆ ಹಲ್ಲಿನ ವೈದ್ಯರಿಗೆ ತೋರಿಸಬೇಕು.

ಆದರೆ ಹಲ್ಲಿನ ವೈದ್ಯರ ಹತ್ತಿರ ಮಕ್ಕಳು ಬರುವುದು ನೋವು ಶುರುವಾದ ಮೇಲೆ. ಲಸಿಕೆಗೆ ಮಾತ್ರ ತಪ್ಪದೇ ಬರುತ್ತಾರೆ. ಅಲ್ಲೇ, ಸೂಜಿಗೆ ಮೊದಲು, ತುಟಿ ಎತ್ತಿ ನೋಡಲಿ. ತಾಯಿ-ಮಗುವಿನ ದಾಖಲೆ ಪುಸ್ತಕದಲ್ಲಿ ತೂಕ, ಲಸಿಕೆಗೆ ಇರುವಂತೆ ತಾಯಿಯ ಒಸಡಿಗೊಂದು, ಮಗುವಿನ ಹಲ್ಲಿಗೊಂದು ಕಾಲಂ ಸೇರಿಸಲಿ. ಕಾಲಂ ಖಾಲಿ ಇದ್ದರೆ ಮೇಲಿನವರು ಕೇಳುತ್ತಾರೆ, ಆಗ ಕೆಲಸವೂ ಆಗುತ್ತದೆ.

ಇತಿ,
ಮಕ್ಕಳ ಹಲ್ಲಿನ ವೈದ್ಯೆ, ನಿಮ್ಮ ಓದುಗಿ