ಒಡೆದ ಮನೆಗಳ ಲೆಕ್ಕವನ್ನೂ ಕೊಡಿ: ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಮುಖ್ಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯ ಆಯುಕ್ತರೇ, ನಮಸ್ಕಾರ.

ಬೆಂಗಳೂರಿನಲ್ಲಿ ಎಷ್ಟು ಕಟ್ಟಡಕ್ಕೆ ಪ್ಲಾನ್ ಮಂಜೂರಾಯಿತು, ಎಷ್ಟಕ್ಕೆ ಓಸಿ (ಕಟ್ಟಿದ ಮೇಲೆ ವಾಸಕ್ಕೆ ಕೊಡುವ ಪ್ರಮಾಣಪತ್ರ) ಕೊಟ್ಟಿರಿ ಅನ್ನೋದು ನಿಮ್ಮ ನಗರ ಯೋಜನೆ ವಿಭಾಗದ ಕಡತದಲ್ಲಿ ಇರುತ್ತದೆ. ಅದೇ ವರ್ಷ ಎಷ್ಟು ಮನೆ ನೆಲಸಮವಾದವು? ವಾರ್ಡ್‌ವಾರು ಲೆಕ್ಕವನ್ನು ಜನ ನೋಡುವ ಹಾಗೆ ಇಟ್ಟಿದ್ದನ್ನು ನಾನು ಎಲ್ಲೂ ಕಂಡಿಲ್ಲ. ಬರೋದನ್ನು ಮಾತ್ರ ಬರೆದು ಹೋಗೋದನ್ನು ಬಿಟ್ಟರೆ ಅದು ಲೆಕ್ಕ ಹೇಗಾಗುತ್ತದೆ?

ಹಳೇ ಬಡಾವಣೆಯ ಒಂದು ವಠಾರ ತಗೊಳ್ಳಿ. 40×60 ಸೈಟು, ಒಂದು ರೂಮು ಒಂದು ಅಡುಗೆಮನೆಯ ಹತ್ತು ಮನೆ. ಓನರ್ ಮಕ್ಕಳು ಪಾಲು ಮಾಡಿಕೊಂಡು ಬಿಲ್ಡರ್‌ಗೆ ಕೊಡುತ್ತಾರೆ, ಕೆಳಗೆ ಕಾರ್ ಪಾರ್ಕಿಂಗ್, ಮೇಲೆ ನಾಲ್ಕು ದೊಡ್ಡ ಫ್ಲಾಟ್ ಬರುತ್ತವೆ. ಕಾಗದದಲ್ಲಿ ನಾಲ್ಕು ಹೊಸ ಮನೆ. ನಿಜವಾಗಿ ಆರು ಮನೆ ಕಮ್ಮಿಯಾಗಿದೆ, ಅದೂ ಗಾರ್ಮೆಂಟ್ಸ್‌ಗೆ ಹೋಗುವವರು, ಹೂ ಕಟ್ಟುವವರು, ಮನೆಗೆಲಸದವರು ಬಾಡಿಗೆ ಕೊಡಲು ಆಗುತ್ತಿದ್ದ ಮನೆಗಳು. ಹತ್ತು ಕುಟುಂಬಗಳೂ ಅಡ್ವಾನ್ಸ್ ಹೊಂದಿಸಿಕೊಂಡು ಒಟ್ಟಿಗೇ ಮನೆ ಹುಡುಕಲು ಹೊರಡುತ್ತವೆ, ಅಕ್ಕಪಕ್ಕದ ಬೀದಿಯಲ್ಲೂ ಬಾಡಿಗೆ ಏರುತ್ತದೆ. ಸೋರುವ ಹಳೇ ಮನೆ ಒಡೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಒಡೆದದ್ದನ್ನು ಕಳೆದು ಉಳಿದದ್ದೆಷ್ಟು ಹೇಳಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಇನ್ನೊಂದು ಕಡೆ ಜೆಸಿಬಿ ತಂದು ತೆರವು ಮಾಡುವ ಮನೆಗಳಿವೆ. 2013ರ ಜನವರಿಯಲ್ಲಿ ಈಜಿಪುರದ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರಿಗೆ ಕಟ್ಟಿದ) ಕ್ವಾರ್ಟರ್ಸ್‌ನಲ್ಲಿ ಸುಮಾರು 1,500 ಕುಟುಂಬಗಳ ಸೂರು ಹೋಯಿತು. ಎಷ್ಟೋ ಜನ ಫುಟ್‌ಪಾತ್ ಮೇಲೇ ದಿನ ಕಳೆದರು. 2016ರಲ್ಲಿ ರಾಜಕಾಲುವೆ ತೆರವು, 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಶೆಡ್ಡುಗಳು. ಪ್ರತಿ ಸಲ ನಾಲ್ಕು ದಿನ ಸುದ್ದಿಯಾಗುತ್ತದೆ, ಆಮೇಲೆ ಆ ಜನ ಎಲ್ಲಿಗೆ ಹೋದರು ಅಂತ ಕೇಳುವವರಿಲ್ಲ. ಅವು ಒತ್ತುವರಿ, ಅಕ್ರಮ, ಮನೆ ಅಂತ ಲೆಕ್ಕಕ್ಕೆ ತಗೊಳ್ಳಲಾಗದು ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಸರ್, ಜಾಗ ಯಾರದ್ದು ಅನ್ನೋದನ್ನು ಕೋರ್ಟು ತೀರ್ಮಾನಿಸಲಿ. ಆದರೆ ಅಲ್ಲಿ ಮಲಗುತ್ತಿದ್ದ ಮಕ್ಕಳಿಗೆ ಆ ರಾತ್ರಿಯೇ ಬೇರೆ ಸೂರು ಬೇಕಲ್ವಾ?

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ತೆರವಿಗೆ ಕನಿಷ್ಠ 15 ದಿನದ ನೋಟಿಸ್ ಕೊಡಬೇಕು, ನೋಟಿಸು, ಉತ್ತರ, ಆದೇಶ ಎಲ್ಲವನ್ನೂ ಹಾಕಲು ಪ್ರತಿ ಸ್ಥಳೀಯ ಸಂಸ್ಥೆ ಮೂರು ತಿಂಗಳಲ್ಲಿ ಪೋರ್ಟಲ್ ಮಾಡಬೇಕು ಎಂದಿತು. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿ, ಕೆರೆ-ನದಿ ಪಕ್ಕದ ಅನಧಿಕೃತ ಕಟ್ಟಡಗಳಿಗೂ ಕೋರ್ಟ್ ಆದೇಶದ ಮೇಲೆ ಒಡೆಯುವವಕ್ಕೂ ಇದು ಅನ್ವಯಿಸುವುದಿಲ್ಲ. ನಮ್ಮೂರಿನಲ್ಲಿ ದೊಡ್ಡ ತೆರವುಗಳಿಗೆ ಕೆರೆ, ರಾಜಕಾಲುವೆಗಳೇ ಕಾರಣವಾಗಿ ಬರುತ್ತವೆ. ಹಾಗಾಗಿ ಆ ಪೋರ್ಟಲ್ ಒಂದನ್ನೇ ನಂಬಿದರೆ ಬಡವರ ಮನೆಗಳೇ ಲೆಕ್ಕದಿಂದ ತಪ್ಪಿಹೋಗುತ್ತವೆ.

ಇಂಗ್ಲೆಂಡಿನಲ್ಲಿ ಪ್ರತಿ ವರ್ಷ ಹೊಸದಾಗಿ ಕಟ್ಟಿದ ಮನೆಗಳ ಜೊತೆ ಬೇರೆ ಕಟ್ಟಡಗಳಿಂದ ಪರಿವರ್ತನೆಯಾದ ಮನೆಗಳನ್ನೂ ಕೂಡಿ, ಒಡೆದವನ್ನು ಕಳೆದು, ಉಳಿದ ಅಂಕಿಯನ್ನೇ ಸರ್ಕಾರ ಪ್ರಕಟಿಸುತ್ತದೆ. ನಮ್ಮ ದೇಶದಲ್ಲಿ ಬಲವಂತದ ತೆರವನ್ನು ಎಣಿಸುವ ಕೆಲಸ ದೆಹಲಿಯ ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಎಂಬ ಸಂಸ್ಥೆಯ ಪಾಲಿಗೆ ಬಂದಿದೆ. 2022 ಮತ್ತು 2023ರಲ್ಲಿ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಮನೆ ಒಡೆಯಲಾಗಿದೆ ಅಂತ ಲೆಕ್ಕ ಹಾಕಿದ್ದು ಅವರು. ಹೀಗೆ ಲೆಕ್ಕ ಇಡೋದು ನಿಜವಾಗಿ ಸರ್ಕಾರದ ಕೆಲಸ.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಹಳೇ ಮನೆ ಇದ್ದ ಸೈಟಿಗೆ ಪ್ಲಾನ್ ಕೇಳಿ ಬಂದವರಿಂದ ಅಲ್ಲಿ ಎಷ್ಟು ಕುಟುಂಬ ಇತ್ತು, ಬಾಡಿಗೆ ಎಷ್ಟಿತ್ತು ಅಂತ ಬರೆಸಿಕೊಳ್ಳಿ. ಬೆಸ್ಕಾಂ ಮೀಟರ್ ಸಂಖ್ಯೆ ಜೊತೆ ತಾಳೆ ನೋಡಿ. ತೆರವಿನ ದಿನ ಒಬ್ಬ ಸಿಬ್ಬಂದಿ ಮನೆಗಳನ್ನೂ ಜನರನ್ನೂ ಎಣಿಸಲಿ. ಮೆಟ್ರೊಗೆ, ರಸ್ತೆ ಅಗಲೀಕರಣಕ್ಕೆ ಹೋದ ಮನೆಗಳೂ ಅದೇ ಪಟ್ಟಿಗೆ ಬರಲಿ. ಹೆಸರು, ಫೋನ್ ನಂಬರ್ ಹಾಕಬೇಡಿ, ವಾರ್ಡ್ ಮಟ್ಟದ ಸಂಖ್ಯೆ ಸಾಕು.

ಜಿಬಿಎ ಕೆಳಗಿನ ಐದು ಪಾಲಿಕೆಯಲ್ಲಿ ಒಟ್ಟಿಗೇ ಕಷ್ಟ ಅನಿಸಿದರೆ ಯಾವುದಾದರೂ ಒಂದರಲ್ಲಿ ಶುರು ಮಾಡಿ, ಪ್ರತಿ ತಿಂಗಳು ವೆಬ್‌ಸೈಟಿನಲ್ಲಿ ಹಾಕಿ. ಯಾವ ಪಾಲಿಕೆ, ಯಾವ ತಿಂಗಳಿಂದ ಅನ್ನೋದನ್ನು ದಯವಿಟ್ಟು ಸಾರ್ವಜನಿಕವಾಗಿ ತಿಳಿಸಿ.

ಇಂತಿ,
ಬೆಂಗಳೂರಿನ ಒಬ್ಬ ಬಾಡಿಗೆದಾರ