ಬಸುರಿಯರು ದೋಣಿ ಹತ್ತುವಲ್ಲಿ ಹಿಡಿಯಲೊಂದು ಕಂಬಿ ಇರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಶುರುವಾದ ಮೇಲೆ, ಗೆಳತಿಯರ ಗುಂಪಿನಲ್ಲಿ ಬಸುರಿಯರೂ ಬರುತ್ತಾರೆ. ಮಗು ಬಂದ ಮೇಲೆ ಇಂಥ ಬಿಡುವು ಬೇಗ ಸಿಗುವುದಿಲ್ಲ, ಹೋಗಬೇಕೆನಿಸುವುದು ಸಹಜ. 'ಬಸುರಿ ಹೊಳೆ ದಾಟಬಾರದು' ಎಂದು ಮನೆಯ ಹಿರಿಯರು ತಡೆಯುವುದೂ ಇದೆ. ಆದರೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಶರಾವತಿ ಹಿನ್ನೀರಿನಾಚೆಯ ಬಸುರಿಯರು ಸಾಗರ ಪಟ್ಟಣದ ಆಸ್ಪತ್ರೆಗೆ ಬರಲು ಲಾಂಚನ್ನೇ ನಂಬಿದ್ದರು. ನೀರು ದಾಟುವುದರಲ್ಲಿ ಕೇಡಿಲ್ಲ, ಹತ್ತುವ ಮತ್ತು ಇಳಿಯುವ ಹೆಜ್ಜೆಯಲ್ಲಿದೆ. ಲಾಂಚಿನ ಹಲಗೆ ದಡಕ್ಕೇ ಇಳಿಯುತ್ತಿತ್ತು, ನಡೆದೇ ಹತ್ತಬಹುದಿತ್ತು. ಸಮುದ್ರದ ದೋಣಿಗೆ ಆ ಅನುಕೂಲವಿಲ್ಲ.

ಮೊದಲು ಕಾಲದ ಲೆಕ್ಕ. ಸೀಮಂತ ಮುಗಿಸಿ ಹೋಗೋಣ ಎಂದುಕೊಂಡರೆ ತಡವಾಯಿತು. 14ರಿಂದ 28ನೇ ವಾರದ ನಡುವಿನ ದಿನಗಳೇ ಒಳ್ಳೆಯವು: ವಾಂತಿ ಕಡಿಮೆಯಾಗಿರುತ್ತದೆ, ಹೊಟ್ಟೆಯ ಭಾರವೂ ಇನ್ನೂ ಮಿತಿಮೀರಿರುವುದಿಲ್ಲ. ಮಾಸು (ಪ್ಲಾಸೆಂಟಾ) ಗರ್ಭಕೋಶದಲ್ಲಿ ಕೆಳಗಿದ್ದವರು, ರಕ್ತಸ್ರಾವವಾದವರು, ಬಿ.ಪಿ. ಏರಿದವರು, ಅವಳಿ ಹೊತ್ತವರು, ಹಿಂದೆ ಅವಧಿಗೆ ಮೊದಲೇ ಹೆರಿಗೆಯಾದವರು ವೈದ್ಯರು ಒಪ್ಪದೆ ದೋಣಿ ಹತ್ತಲೇಬಾರದು. ಉಳಿದವರೂ ಹೊರಡುವ ಹಿಂದಿನ ವಾರದ ತಪಾಸಣೆಯಲ್ಲಿ ಒಂದು ಮಾತು ಕೇಳಿಕೊಳ್ಳಲಿ. ತಾಯಿ ಕಾರ್ಡ್ ಕೈಚೀಲದಲ್ಲೇ ಇರಲಿ. ರಕ್ತದ ಗುಂಪು, ಹಿಂದಿನ ವರದಿ ಎಲ್ಲ ಅದರಲ್ಲೇ ಸಿಗುತ್ತದೆ.

ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಬೇಕು. ಮಧ್ಯಾಹ್ನ ನೆಲ ಕಾದಂತೆ ಕಡಲಿನಿಂದ ಗಾಳಿ ಎದ್ದು ಸಣ್ಣ ಅಲೆಗಳು ದೋಣಿಯನ್ನು ಕುಲುಕಿಸುತ್ತವೆ. ನವೆಂಬರಿನಿಂದ ಫೆಬ್ರವರಿವರೆಗೆ ಸೆಕೆಯೂ ಕಡಿಮೆ. ಸ್ಪೀಡ್ ಬೋಟ್ ಬೇಡವೇ ಬೇಡ; ಅಲೆಯ ಮೇಲಿಂದ ಎತ್ತಿ ಕುಕ್ಕುವ ಪೆಟ್ಟು ನೇರ ಬೆನ್ನುಮೂಳೆಗೂ ಹೊಟ್ಟೆಗೂ ತಾಗುತ್ತದೆ. ದೊಡ್ಡ ದೋಣಿಯಲ್ಲಿ ನಡುವಿನಿಂದ ಸ್ವಲ್ಪ ಹಿಂದೆ, ಮುಂದಕ್ಕೆ ಮುಖ ಮಾಡಿ ಕೂರಬೇಕು. ಮೂತಿಯ ಕಡೆ ಕುಲುಕಾಟ ಜಾಸ್ತಿ, ತೀರ ಹಿಂದೆ ಡೀಸೆಲ್ ಹೊಗೆ. ಬರಿ ಹೊಟ್ಟೆಯೂ ಬೇಡ, ತುಂಬ ಊಟವೂ ಬೇಡ. ಎರಡು ಇಡ್ಲಿ ತಿಂದು ಹೊರಟು, ದಾರಿಯಲ್ಲಿ ಒಣ ಬಿಸ್ಕತ್ತು, ಶುಂಠಿ ತುಣುಕು ಇಟ್ಟುಕೊಂಡರೆ ಸಾಕು. ವಾಂತಿ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ತಾವಾಗಿ ಕೇಳಿ ನುಂಗಬಾರದು. ದೋಣಿಯಲ್ಲಿ ಶೌಚಾಲಯ ಇರುವುದಿಲ್ಲವೆಂದು ನೀರು ಕುಡಿಯದಿರುವುದು ಅತಿ ದೊಡ್ಡ ತಪ್ಪು. ಹೊರಡುವ ಮೊದಲು ದಡದಲ್ಲೇ ಹೋಗಿ ಬಂದು, ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

ಈಗ ಹತ್ತಿಳಿಯುವ ಆ ಹೆಜ್ಜೆಯ ವಿಷಯ. ಬಸುರಿನಲ್ಲಿ ಕೀಲುಗಳ ಬಿಗಿ ಸಡಿಲವಾಗಿರುತ್ತದೆ, ಮೈಯ ಭಾರ ಮುಂದಕ್ಕೆ ಬಂದಿರುತ್ತದೆ, ಪಾದ ಕಣ್ಣಿಗೆ ಕಾಣುವುದಿಲ್ಲ. ಕಡಲು ಇಳಿತದಲ್ಲಿರುವ ಹೊತ್ತಿನಲ್ಲಿ ದೋಣಿ ಧಕ್ಕೆಗಿಂತ (ದೋಣಿ ನಿಲ್ಲುವ ಕಟ್ಟೆಗಿಂತ) ಕೆಳಗಿರುತ್ತದೆ. ದಡದ ಬಳಿ ಆಳ ಸಾಲದಿದ್ದರೆ ದ್ವೀಪದ ಹತ್ತಿರ ಸಣ್ಣ ದೋಣಿಗೆ ಬದಲಾಯಿಸುತ್ತಾರೆ. ಎರಡು ದೋಣಿಗಳು ಒಂದೇ ತಾಳದಲ್ಲಿ ಏರಿಳಿಯುವುದಿಲ್ಲ, ಕಾಲಿಡುವಾಗಲೇ ಒಂದು ಕೆಳಗೆ ಜಾರುತ್ತದೆ. ಅದಕ್ಕೆ ಚೀಲವನ್ನು ಮೊದಲು ದಾಟಿಸಿ ಕೈ ಖಾಲಿ ಇಡಬೇಕು. ಒಬ್ಬ ಗೆಳತಿ ಮುಂದೆ, ಒಬ್ಬಳು ಹಿಂದೆ. ಬೆರಳು ಹಿಡಿದರೆ ಜಾರುತ್ತದೆ, ಮಣಿಕಟ್ಟನ್ನು ಪರಸ್ಪರ ಹಿಡಿಯಬೇಕು. ದೋಣಿ ಮೇಲಕ್ಕೆ ಬಂದು ನಿಂತ ಕ್ಷಣದಲ್ಲಿ ಹೆಜ್ಜೆ ಇಡಬೇಕು, ಜಿಗಿಯಬಾರದು. ಉಳಿದವರೆಲ್ಲ ಇಳಿದ ಮೇಲೆ ಇಳಿದರೆ ನೂಕುನುಗ್ಗಲಿಲ್ಲ. ಲೈಫ್ ಜಾಕೆಟ್‌ನ ಪಟ್ಟಿ ಹೊಟ್ಟೆಯ ಮೇಲೆ ಬಿಗಿಯದೆ ಎದೆಯ ಬಳಿ ಕೂರಬೇಕು. ಅದಕ್ಕೆ ಹೊಟ್ಟೆ ಒತ್ತದ, ಆದರೆ ಸಡಿಲವಾಗಿ ಮೇಲೇರದ ದೊಡ್ಡ ಅಳತೆಯದೇ ಬೇಕು.

ದ್ವೀಪದ ಷಟ್ಕೋನದ ಕಲ್ಲುಗಂಬಗಳನ್ನು ನೋಡಲೇಬೇಕು, ಹತ್ತಬೇಕೆಂದಿಲ್ಲ. ಪಾಚಿ ಕಟ್ಟಿದಲ್ಲಿ ಜಾರುತ್ತದೆ, ಚಿಪ್ಪಿನ ದಡ ಪಾದ ಸೀಳುತ್ತದೆ. ಹಿಂಬದಿ ಪಟ್ಟಿಯಿರುವ ಚಪ್ಪಲಿ ಹಾಕಿ, ತೆಂಗಿನ ನೆರಳಿನಲ್ಲಿ ಕೂತರೆ ಚೆನ್ನು. ಹಿಂದಿರುಗಿ ಮಲ್ಪೆಯಲ್ಲಿ ಬಿಸಿ ಬಂಗುಡೆ ಅಥವಾ ಬೂತಾಯಿ ಮೀನು ತಿನ್ನಬಹುದು, ಅರೆಬೆಂದ ಮರುವಾಯಿ (ಚಿಪ್ಪುಮೀನು) ಮಾತ್ರ ಬೇಡ. ರಕ್ತ ಅಥವಾ ನೀರು ಹೋದರೆ, ಹೊಟ್ಟೆ ಆಗಾಗ ಬಿಗಿಯುತ್ತಿದ್ದರೆ, ತಲೆನೋವಿನ ಜತೆ ಕಣ್ಣು ಮಂಜಾದರೆ, ಮಗುವಿನ ಚಲನೆ ಕಡಿಮೆಯೆನಿಸಿದರೆ ಕೂಡಲೇ 108ಕ್ಕೆ ಕರೆ ಮಾಡಿ ಮುಂದಿನ ದೋಣಿಯಲ್ಲೇ ಮರಳಬೇಕು.

ಇಷ್ಟೆಲ್ಲ ಜಾಗ್ರತೆ ಗೆಳತಿಯರು ಮಾಡಬಲ್ಲರು. ಹತ್ತುವ ಜಾಗದಲ್ಲಿ ಎರಡೂ ಬದಿ ಕೈಹಿಡಿಯಲು ಕಂಬಿ, ಜಾರದ ಹಲಗೆ, ಒಂದು ಕಟ್ಟು ದೊಡ್ಡ ಅಳತೆಯ ಜಾಕೆಟ್, ಅಂದಿನ ಉಬ್ಬರ-ಇಳಿತದ ಸಮಯ ಬರೆದ ಫಲಕ, ಇವನ್ನು ಒದಗಿಸಬೇಕಾದವರು ಆಡಳಿತದವರು. ಉಡುಪಿ ಜಿಲ್ಲಾಡಳಿತ ಮುಂದಿನ ಹಂಗಾಮಿನ ದೋಣಿ ಪರವಾನಗಿಗೆ ಈ ನಾಲ್ಕನ್ನೂ ಷರತ್ತಾಗಿ ಸೇರಿಸಬೇಕೆಂದು ಕೋರುತ್ತೇವೆ.

ಇತಿ,
ಕರಾವಳಿಯ ಓದುಗರು, ಉಡುಪಿ